ಸಂಬಳದ ಚೀಟಿಯ ಇನ್ನೂರು ರೂಪಾಯಿ, ಎಪ್ಪತ್ತೆರಡರ ಬರ

ಮೊದಲ ಕೆಲಸಕ್ಕೆ ಸೇರಿದಾಗ ಸಂಬಳದ ಚೀಟಿಯಲ್ಲಿ ‘ವೃತ್ತಿ ತೆರಿಗೆ 200’ ಎಂಬ ಸಾಲು ನೋಡಿ ಗೊಣಗಿದ್ದೆ. ಕೆಲಸ ಮಾಡುವುದಕ್ಕೂ ತೆರಿಗೆಯಾ? ಕರ್ನಾಟಕದಲ್ಲಿ ಇದು 1976ರ ಕಾಯ್ದೆಯಿಂದ ಬಂದದ್ದು. ಅದಕ್ಕೆ ಒಂದು ವರ್ಷ ಮೊದಲೇ ಪಕ್ಕದ ಮಹಾರಾಷ್ಟ್ರ ಇಂಥದ್ದೇ ತೆರಿಗೆ ಹಾಕಿತ್ತು. ಅಲ್ಲಿ ಅದರ ಹಿಂದೆ ಒಂದು ಬರದ ಕತೆಯಿದೆ.

ಬರ ಎಂದರೆ ನಾವು ಪತ್ರಿಕೆಯವರು ಬಿರುಕು ಬಿಟ್ಟ ನೆಲದ ಫೋಟೊ ಹುಡುಕುತ್ತೇವೆ. ಆದರೆ ಮಳೆ ಹೋದರೆ ಬತ್ತುವುದು ಕೆರೆಯೊಂದೇ ಅಲ್ಲ. ಬಿತ್ತನೆ ಇಲ್ಲದಿದ್ದರೆ ಕೂಲಿ ಇಲ್ಲ. ಕೂಲಿ ಇಲ್ಲದವರು ಅಂಗಡಿಗೆ ಹೋಗುವುದಿಲ್ಲ. ನೇಕಾರ, ಕುಂಬಾರ, ಕ್ಷೌರಿಕ ಎಲ್ಲರಿಗೂ ಗಿರಾಕಿ ತಪ್ಪುತ್ತದೆ. ಅರ್ಥಶಾಸ್ತ್ರದವರು ‘ಒಟ್ಟು ಬೇಡಿಕೆ ಕುಸಿಯಿತು’ ಎನ್ನುವುದು ಇದನ್ನೇ. ಹೊಟ್ಟೆಯ ಹಸಿವು ಎಷ್ಟೇ ಇರಲಿ, ಕೈಯಲ್ಲಿ ಕಾಸಿಲ್ಲದಿದ್ದರೆ ಮಾರುಕಟ್ಟೆಯ ಲೆಕ್ಕದಲ್ಲಿ ಅದು ಬೇಡಿಕೆಯೇ ಅಲ್ಲ.

ನಮ್ಮ ಹಿರಿಯರು ಧಾತು-ಈಶ್ವರ ಬರ ಎಂದು ಕರೆದ 1876–78ರ ಕ್ಷಾಮದಲ್ಲಿ ಇದು ಕಣ್ಣಿಗೆ ರಾಚಿತು. ಮದರಾಸಿನ ಕಡಲ ದಂಡೆಯಲ್ಲಿ ಧಾನ್ಯದ ಮೂಟೆಗಳು ರಾಶಿ ಬಿದ್ದಿದ್ದವು. ಕೊಳ್ಳಲು ಬಡವರ ಬಳಿ ಹಣವಿರಲಿಲ್ಲ. ಕಾಮಗಾರಿ ತೆರೆದು ಕೂಲಿ ಕೊಡುವುದೇ ಸರಕಾರಕ್ಕಿದ್ದ ದಾರಿ. ಆದರೆ ವೈಸರಾಯ್ ಲಿಟ್ಟನ್ ಕಳಿಸಿದ್ದು ರಿಚರ್ಡ್ ಟೆಂಪಲ್‌ನನ್ನು. 1874ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿ, ದುಂದು ಮಾಡಿದೆ ಎಂದು ಬೈಸಿಕೊಂಡಿದ್ದವನು ಈತ. ಈ ಸಲ ಬಿಗಿ ಹಿಡಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಬೆಲೆ, ಮೇಲೆ ಒಂದಾಣೆ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದು ದುಡಿಯುವವರಿಗೆ ಸಾಲದೆಂದು ಜಗಳವಾಡಿದರು. ಬೊಂಬಾಯಿ ಪ್ರಾಂತ್ಯದಲ್ಲಿ ಸಾವಿರಾರು ಜನ ಕಾಮಗಾರಿಯನ್ನೇ ಬಿಟ್ಟು ನಡೆದರು.

1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ. ಆ ಬರದ ಪರಿಹಾರ ಕಾಮಗಾರಿಯಾಗಿ ಶುರುವಾದದ್ದೇ ಬೆಂಗಳೂರು–ಮೈಸೂರು ರೈಲು ದಾರಿ. 1882ರಲ್ಲಿ ಅದು ಮೈಸೂರು ಮುಟ್ಟಿತು. ಇತ್ತ ಮುಂದಿನ ಬರಕ್ಕೆಂದು 1878ರಲ್ಲಿ ವ್ಯಾಪಾರಿಗಳ ಮೇಲೆ ಲೈಸೆನ್ಸ್ ತೆರಿಗೆ ಬಿತ್ತು. ಸೂರತ್‌ನಲ್ಲಿ ಗಲಭೆಯೇ ಆಯಿತು. ಅಫ್ಘಾನ್ ಯುದ್ಧದ ಖರ್ಚು ಎದುರಾದಾಗ ಕ್ಷಾಮದ ಅನುದಾನಕ್ಕೇ ಕತ್ತರಿ. ತೆರಿಗೆ ಕಟ್ಟಿದವನ ಜೇಬು ಖಾಲಿಯಾಯಿತು, ಕೂಲಿಯವನ ಕೈಗೆ ಏನೂ ಬರಲಿಲ್ಲ.

ಹಾಗೆಂದು ಸರಕಾರ ಹಣ ಚೆಲ್ಲಿದರೆ ಸಾಕು ಎಂದುಕೊಂಡರೆ 1943ರ ಬಂಗಾಳ ಇದೆ. ಯುದ್ಧದ ಖರ್ಚಿನಿಂದ ಕಲ್ಕತ್ತದಲ್ಲಿ ಹಣ ಹರಿಯಿತು, ಅಕ್ಕಿಯ ಬೆಲೆ ಹಾರಿತು. ನಗರದ ಕಾರ್ಖಾನೆಯವರಿಗೆ ಅಗ್ಗದ ಅಕ್ಕಿ ಸಿಕ್ಕಿತು. ಹಳ್ಳಿಯ ಕೂಲಿ ಮಾತ್ರ ಬೆಲೆಯ ಹಿಂದೆ ಓಡಲಾಗಲಿಲ್ಲ. ಸತ್ತವರು ಸುಮಾರು 30 ಲಕ್ಷ. ಬೇಡಿಕೆ ಹೆಚ್ಚಿತು ನಿಜ, ಯಾರ ಬೇಡಿಕೆ ಎಂಬುದು ಬೇರೆ ಪ್ರಶ್ನೆ.

ಈಗ ಮಹಾರಾಷ್ಟ್ರ. 1970ರಿಂದ ಮೂರು ವರ್ಷ ಮಳೆ ಕೈಕೊಟ್ಟು, 1972–73ರಲ್ಲಿ ಹೊಲಗಳು ಬರಿದಾದವು. ಸರಕಾರ ರಸ್ತೆ, ಒಡ್ಡು, ಜಿನುಗು ಕೆರೆ, ಜಲ್ಲಿ ಒಡೆಯುವ ಕೆಲಸಗಳನ್ನು ತೆರೆಯಿತು. 1973ರ ಮೇ ತಿಂಗಳಲ್ಲಿ ಕೆಲಸಕ್ಕೆ ಬಂದವರು 50 ಲಕ್ಷದ ಹತ್ತಿರ. ರೇಷನ್ ಧಾನ್ಯವೊಂದೇ ಸಾಲುತ್ತಿರಲಿಲ್ಲ. ಆದರೆ ಕೂಲಿಯವರ ಕೈಯಲ್ಲಿ ಕಾಸಿತ್ತು; ಧಾನ್ಯ ಸಾಗಾಟಕ್ಕೆ ನಿರ್ಬಂಧವಿದ್ದರೂ ನೆರೆ ರಾಜ್ಯಗಳಿಂದ ಕಳ್ಳದಾರಿಯಲ್ಲಿ ಅದು ಬಂತು. ಇದನ್ನು ವಿವರವಾಗಿ ಅಧ್ಯಯನ ಮಾಡಿದವರು ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೀಜ್. ಬಂಗಾಳದಂಥ ಸಾವು ಇಲ್ಲಿ ಆಗಲಿಲ್ಲ. (ಆ ಬಿಸಿಲಲ್ಲಿ ಕಲ್ಲು ಒಡೆದವರ ಕಷ್ಟ ಸಣ್ಣದೇನಲ್ಲ, ಅದು ಬೇರೆ ಮಾತು.)

ವಿಧಾನ ಪರಿಷತ್ತಿನ ಸಭಾಪತಿ ವಿ.ಎಸ್. ಪಾಗೆ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲ್ಲೂಕಿನಲ್ಲಿ ಅರವತ್ತರ ದಶಕದಲ್ಲೇ ಇಂಥ ಪ್ರಯೋಗ ಮಾಡಿದ್ದರು. ಅದೇ ಉದ್ಯೋಗ ಖಾತರಿ ಯೋಜನೆಯಾಗಿ ಬೆಳೆದು, 1977ರಲ್ಲಿ ಕಾಯ್ದೆಯಾಗಿ, 1979ರ ಜನವರಿ 26ರಂದು ಜಾರಿಗೆ ಬಂತು. ಹಣ ಎಲ್ಲಿಂದ? ಮುಂಬಯಿಯಂಥ ಊರುಗಳ ಸಂಬಳದಾರರ ವೃತ್ತಿ ತೆರಿಗೆಯಿಂದ. ರಾಜ್ಯವೂ ಅಷ್ಟೇ ಪಾಲು ಹಾಕಬೇಕಿತ್ತು.

ಇದರ ಜಾಣತನ ನೋಡಿ. ಗುಮಾಸ್ತನೊಬ್ಬನಿಂದ ಹತ್ತು ರೂಪಾಯಿ ತೆರಿಗೆ ಹೋಯಿತು ಅಂದುಕೊಳ್ಳಿ. ಅವನು ಅದರಲ್ಲಿ ಎರಡು-ಮೂರು ರೂಪಾಯಿ ಹೇಗೂ ಬ್ಯಾಂಕಿಗೆ ಹಾಕುತ್ತಿದ್ದ. ಹಾಗಾಗಿ ಅವನ ಖರ್ಚು ತಗ್ಗುವುದು ಏಳೆಂಟು ರೂಪಾಯಿ. ಅದೇ ಹತ್ತು ಹಳ್ಳಿಯ ಕೂಲಿಯಾಕೆಗೆ ಸಿಕ್ಕರೆ ಹತ್ತೂ ಅಂದೇ ಜೋಳಕ್ಕೆ, ಎಣ್ಣೆಗೆ, ಹಳೆಯ ಉದ್ರಿಗೆ ಹೋಗುತ್ತದೆ. ಅಂಗಡಿಯವನು ಮತ್ತೆ ಸರಕು ತರಿಸುತ್ತಾನೆ. ಸರಕಾರ ಸಾಲ ಮಾಡದೆಯೇ ಒಟ್ಟು ಬೇಡಿಕೆ ಒಂದಿಷ್ಟು ಏರಿತು, ಅದೂ ಸೊರಗಿದ ಕಡೆಯಲ್ಲೇ.

ಮುಂದೆ ಮಹಾರಾಷ್ಟ್ರದಲ್ಲೂ ತೆರಿಗೆ ವಸೂಲಾಗಿ ಕೂಲಿಗೆ ಖರ್ಚಾಗದ ವರ್ಷಗಳು ಬಂದವು. ಆಗ ಲೆಕ್ಕ ತಿರುಗುಮುರುಗು.

ಅಂದಹಾಗೆ, ವೃತ್ತಿ ತೆರಿಗೆ ವರ್ಷಕ್ಕೆ 250 ರೂಪಾಯಿ ಮೀರಬಾರದು ಎಂದು ಸಂವಿಧಾನದಲ್ಲೇ ಇತ್ತು. 1988ರ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ನನ್ನ ಚೀಟಿಯ ತಿಂಗಳ ಇನ್ನೂರು, ವರ್ಷಕ್ಕೆ 2,400, ಆ ಮಿತಿಯ ಅಂಚಿನಲ್ಲೇ ನಿಂತಿತ್ತು.