ಮಟ್ಟುವಿನ ಬೀಜ, ಮರಾಕೇಶಿನ ಮುನ್ನುಡಿ

ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿ ಎರಡು ಬಗೆಯ ಕರಾರುಗಳನ್ನು ಕಂಡಿತು. ಒಂದು ಕಡಲ ಕಡೆಯಿಂದ, ತೋಪುಗಳ ಬಲದಲ್ಲಿ ಬಂತು. ಇನ್ನೊಂದು ಮಠದ ಅಂಗಳದಿಂದ, ಒಂದು ಹಿಡಿ ಬೀಜವಾಗಿ ಬಂತು.

ಮೊದಲನೆಯದು ಪೋರ್ಚುಗೀಸರದು. ಆ ಶತಮಾನದ ಆರಂಭದಲ್ಲಿ ಈ ತೀರವನ್ನು ವರ್ಣಿಸಿದ ದುವಾರ್ತೆ ಬರ್ಬೋಸ, ಬಾರಕೂರು ಬಸರೂರುಗಳ ಅಕ್ಕಿ ಮಲಬಾರಿಗೂ ದೂರದ ಹೊರ್ಮುಜಿಗೂ ಹಡಗೇರುತ್ತಿದ್ದ ಸಮೃದ್ಧಿಯನ್ನು ದಾಖಲಿಸಿದ್ದಾನೆ. ಆ ಸಮೃದ್ಧಿಯೇ ಪೋರ್ಚುಗೀಸರ ಕಣ್ಣಿಗೆ ಬಿತ್ತು. ಕಾರ್ತಾಜ್ ಎಂಬ ರಹದಾರಿ ಪತ್ರವಿಲ್ಲದೆ ತೇಲುವ ಹಡಗನ್ನು ಹಿಡಿದು ವಶಪಡಿಸಿಕೊಳ್ಳುವುದು ಕಡಲಿನ ಕಾನೂನಾಯಿತು. 1568ರಲ್ಲಿ ಮಂಗಳೂರಿನಲ್ಲಿ ಅವರ ಕೋಟೆ ಎದ್ದಿತು. ಮರುವರ್ಷ ಬಸರೂರು ಅವರ ಕೈಸೇರಿತು. ಅವರ ಗೋವೆಯ ಒಲೆಗಳಲ್ಲಿ ಬೆಂದದ್ದು ಈ ನಾಡಿನ ಅಕ್ಕಿ. ಎಷ್ಟು ಮೂಟೆ, ಯಾವ ಬಂದರಿಗೆ, ಯಾರಿಗೆ ಕಪ್ಪ ಎಂಬುದಷ್ಟೇ ಅಂದಿನ ಕರಾರುಗಳ ತಿರುಳು. ಗದ್ದೆಯ ಮಣ್ಣಿಗೂ ಅದನ್ನು ಉತ್ತ ಒಕ್ಕಲಿಗೂ ಅಲ್ಲಿ ಒಂದು ಮಾತಿರಬೇಕೆಂಬ ಕಲ್ಪನೆಯೇ ಆ ಕರಾರುಗಳಿಗೆ ಇರಲಿಲ್ಲ.

ಎರಡನೆಯ ಕರಾರು ವಾದಿರಾಜರದು. ಹೂವಿನಕೆರೆಯಲ್ಲಿ ಹುಟ್ಟಿ, ಸೋದೆಯಲ್ಲಿ ನೆಲೆನಿಂತು, ಉಡುಪಿಯ ಕೃಷ್ಣಪೂಜೆಯ ಸರದಿಯಾದ ಪರ್ಯಾಯವನ್ನು ಎರಡು ತಿಂಗಳಿನಿಂದ ಎರಡು ವರ್ಷಕ್ಕೆ ಹಿಗ್ಗಿಸಿದ ಈ ಯತಿ ಬಾಳಿದ್ದು ಅದೇ ಶತಮಾನದಲ್ಲಿ. ಅವರು ಹಯಗ್ರೀವನಿಗೆ ಕಡಲೆಬೇಳೆ ಬೆಲ್ಲದ ಮಡ್ಡಿಯನ್ನು ತಲೆಯ ಮೇಲೆ ಹೊತ್ತು ನೀಡುವಾಗ ಬಿಳಿಗುದುರೆಯೊಂದು ಬಂದು ಉಣ್ಣುತ್ತಿತ್ತಂತೆ. ಅಸೂಯೆಗೊಂಡ ಯಾರೋ ನೈವೇದ್ಯಕ್ಕೆ ವಿಷ ಬೆರೆಸಿದರು, ಕೃಷ್ಣನ ಮೂರ್ತಿ ನೀಲಿಗಟ್ಟಿತು, ಗುಳ್ಳ ಎಂಬ ಬದನೆಯ ನೈವೇದ್ಯ ನಡೆದ ಮೇಲೆ ಆ ನಂಜು ಇಳಿಯಿತು ಎಂದು ಐತಿಹ್ಯ. ಆ ಗುಳ್ಳದ ಬೀಜವನ್ನು ಸ್ವಾಮಿಗಳು ಮಟ್ಟು ಎಂಬ ಊರಿನವರ ಕೈಗಿತ್ತರಂತೆ. ಐತಿಹ್ಯವನ್ನು ಭಕ್ತಿಯಿಂದ ಕೇಳುವವರು ಹಾಗೆಯೇ ಕೇಳಲಿ. ಚರಿತ್ರೆಯ ದೃಷ್ಟಿಗೆ ದೊಡ್ಡದು ಅದರ ಹಿಂದಿರುವ ಏರ್ಪಾಡು. ಬೀಜ ಊರಿನದು, ಹೊಸ ಬೆಳೆಯ ಮೊದಲ ಕಾಯಿ ಕೃಷ್ಣನದು, ಉಳಿದದ್ದು ಬೆಳೆದವನ ಅನ್ನ. ಈ ಕರಾರಿಗೆ ಸಹಿ ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ. ನಾಲ್ಕು ಶತಮಾನ ದಾಟಿ ಅದು ಇಂದಿಗೂ ನಡೆಯುತ್ತಿದೆ.

ಕಟಪಾಡಿಯ ಪಡುವಣಕ್ಕೆ, ಕಡಲಿಗೂ ಹೊಳೆಗೂ ನಡುವೆ ಸಿಕ್ಕ ಮರಳುನೆಲ ಮಟ್ಟು. ಮಳೆಗಾಲದ ಭತ್ತ ಕೊಯ್ದ ಗದ್ದೆಗಳಲ್ಲಿ ಗುಳ್ಳ ಏಳುತ್ತದೆ. ತಿಳಿಹಸುರು ಬಣ್ಣ, ದುಂಡು ಮೈ, ತೊಟ್ಟಿನಲ್ಲಿ ಮುಳ್ಳು, ತೆಳು ಸಿಪ್ಪೆ. ಕಹಿಯಿಲ್ಲ, ಹುಳಿಗೆ ಹಾಕಿದರೆ ಬೆಣ್ಣೆಯಂತೆ ಬೇಯುತ್ತದೆ. ಬೇರೆ ಊರಲ್ಲಿ ನೆಟ್ಟರೆ ಈ ರುಚಿ ಬಾರದು ಎಂದು ಇಲ್ಲಿನವರು ಹೇಳುವುದರಲ್ಲಿ ಅಭಿಮಾನವಷ್ಟೇ ಇಲ್ಲ, ಮಣ್ಣಿನ ಅರಿವೂ ಇದೆ.

ಇನ್ನು ಜಗತ್ತಿನ ವ್ಯಾಪಾರ ಕರಾರುಗಳ ಕಡೆಗೆ. 1947ರಲ್ಲಿ ಜಿನೀವಾದಲ್ಲಿ ಸಿದ್ಧವಾದ ಗ್ಯಾಟ್ ಎಂಬ ವ್ಯಾಪಾರ ಒಪ್ಪಂದದ ಮುನ್ನುಡಿ ಭೂಮಿಯ ಸಂಪನ್ಮೂಲವನ್ನು ಪೂರ್ಣವಾಗಿ ಬಳಸಿಕೊಳ್ಳುವುದನ್ನು ಗುರಿಯಾಗಿ ಸಾರಿತ್ತು. 1994ರ ಏಪ್ರಿಲ್ 15ರಂದು ಮೊರಾಕ್ಕೊದ ಮರಾಕೇಶ್ ನಗರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಸಹಿ ಬಿದ್ದಾಗ ಆ ಮುನ್ನುಡಿ ಬದಲಾಗಿತ್ತು. ಸುಸ್ಥಿರ ಅಭಿವೃದ್ಧಿಯೂ ಪರಿಸರದ ರಕ್ಷಣೆಯೂ ವ್ಯಾಪಾರದ ಗುರಿಗಳ ಸಾಲಿಗೆ ಸೇರಿದ್ದವು. ಅದು ಬರಿಯ ಅಲಂಕಾರವಲ್ಲ ಎಂಬುದು 1998ರಲ್ಲಿ ತಿಳಿಯಿತು. ಆಮೆಗಳನ್ನು ಉಳಿಸದ ಬಲೆಯ ಸಿಗಡಿ ಬೇಡವೆಂದು ಅಮೆರಿಕ ಬಾಗಿಲು ಮುಚ್ಚಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ದೂರು ಕೊಟ್ಟವು. ನಿಷೇಧ ಜಾರಿಗೊಂಡ ರೀತಿಯಲ್ಲಿ ತಾರತಮ್ಯವಿದೆ ಎಂದು ಮೇಲ್ಮನವಿ ಪೀಠ ಹೇಳಿತು. ಆದರೆ ಆಮೆಯ ರಕ್ಷಣೆ ವ್ಯಾಪಾರಕ್ಕೆ ತಡೆಯೊಡ್ಡಲು ತಕ್ಕ ಕಾರಣವಾಗಬಲ್ಲದು ಎಂಬುದನ್ನು ಅದೇ ಮುನ್ನುಡಿಯನ್ನು ಮುಂದಿಟ್ಟು ಎತ್ತಿಹಿಡಿಯಿತು. ದೊಡ್ಡ ಕೊಳ್ಳುಗನ ಕೈಯಲ್ಲಿ ಆ ಮುನ್ನುಡಿಗೆ ಹರಿತವಿತ್ತು.

ಮಟ್ಟುವಿನ ಕೈಗೆ ಬಂದಾಗ? ಮರಾಕೇಶಿನ ಕಟ್ಟಿನಲ್ಲೇ ಇದ್ದ, ಬೌದ್ಧಿಕ ಸ್ವತ್ತಿನ ಟ್ರಿಪ್ಸ್ ಒಪ್ಪಂದದ 22ನೆಯ ವಿಧಿ ಊರಿನ ಹೆಸರಿಗೆ ಕಾವಲು ಕೊಟ್ಟಿತು. ಭಾರತ 1999ರಲ್ಲಿ ಭೌಗೋಳಿಕ ಸೂಚಕ ಕಾಯಿದೆ ಮಾಡಿತು, 2003ರಲ್ಲಿ ಅದು ಜಾರಿಗೆ ಬಂತು, 2011ರಲ್ಲಿ ಮಟ್ಟುಗುಳ್ಳ ನೋಂದಣಿಯಾಯಿತು. ಸಣ್ಣ ಊರಿಗೆ ಅದು ದೊಡ್ಡ ಗೌರವವೇ. ಆದರೆ 23ನೆಯ ವಿಧಿಯ ಮೇಲ್ಮಟ್ಟದ ರಕ್ಷಣೆ ವೈನು ಮತ್ತು ಮದ್ಯಗಳಿಗೆ ಮಾತ್ರ. ಫ್ರಾನ್ಸಿನ ದ್ರಾಕ್ಷಾರಸಕ್ಕೆ ಸಿಗುವ ಕಾವಲು ಕೃಷ್ಣನ ಬದನೆಗೆ ಇಲ್ಲ. ಇದು ಅನ್ಯಾಯ.

ಇನ್ನೂ ದೊಡ್ಡ ಕೊರತೆ ಬೀಜದ ವಿಷಯದಲ್ಲಿತ್ತು. ನಾಡತಳಿ ಆಯಾ ದೇಶದ ಸ್ವತ್ತು, ಅದರ ಲಾಭದಲ್ಲಿ ಕಾಪಾಡಿದವರಿಗೂ ಪಾಲು ಎಂದು 1992ರ ಜೀವವೈವಿಧ್ಯ ಒಡಂಬಡಿಕೆ ಸಾರಿದ್ದರೂ, ಪೇಟೆಂಟ್ ಕೇಳುವವನು ಬೀಜದ ಮೂಲ ಹೇಳಲೇಬೇಕೆಂಬ ಮಾತು ಟ್ರಿಪ್ಸ್‌ನಲ್ಲಿ ಇರಲಿಲ್ಲ. ಅದನ್ನು ಸೇರಿಸಿ ಎಂದು ಭಾರತ ವರ್ಷಗಟ್ಟಲೆ ಕೇಳಿತು.

ಈ ನಡುವೆ ಪರೀಕ್ಷೆಯ ಗಳಿಗೆ ಬಂದೇ ಬಂತು. ಕುಲಾಂತರಿ ಬಿ.ಟಿ. ಬದನೆಗೆಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆರಿಸಿಕೊಂಡಿದ್ದ ಆರು ತಳಿಗಳಲ್ಲಿ ಮಲಾಪುರ, ಕುಡಚಿ, ರಬಕವಿಗಳ ಬದನೆಯ ಜೊತೆ ಉಡುಪಿಯ ಗುಳ್ಳವೂ ಇತ್ತು. 2009ರ ಅಕ್ಟೋಬರ್ 14ರಂದು ಕೇಂದ್ರದ ತಳಿ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಬಿ.ಟಿ. ಬದನೆಗೆ ಒಪ್ಪಿಗೆ ನೀಡಿತು. ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ. 2010ರ ಫೆಬ್ರವರಿ 9ರಂದು ತಡೆಯ ಆದೇಶ ಹೊರಟಿತು. ಅನುಮತಿಯಿಲ್ಲದೆ ನಾಡತಳಿಗಳನ್ನು ಬಳಸಲಾಗಿದೆ ಎಂಬ ದೂರು 2002ರ ಜೀವವೈವಿಧ್ಯ ಕಾಯಿದೆಯಡಿ ದಾಖಲಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಗುಳ್ಳವನ್ನು ಅಂದು ಕಾದದ್ದು ನಮ್ಮದೇ ಕಾಯಿದೆ ಮತ್ತು ಸಭೆಗಳಲ್ಲಿ ಎದ್ದುನಿಂತು ಮಾತಾಡಿದ ಜನ. ವ್ಯಾಪಾರ ಒಪ್ಪಂದದ ಮುನ್ನುಡಿ ಆ ಹೊತ್ತಿಗೆ ನೆರವಿಗೆ ಬರಲಿಲ್ಲ.

ಕಾಲ ಮುಂದೆ ಸರಿದಿದೆ. 2024ರ ಮಾರ್ಚ್ 10ರಂದು ಭಾರತವು ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳೊಂದಿಗೆ ಸಹಿ ಹಾಕಿದ ಒಪ್ಪಂದದಲ್ಲಿ ವ್ಯಾಪಾರ ಮತ್ತು ಸುಸ್ಥಿರ ಅಭಿವೃದ್ಧಿಗೆಂದೇ ಒಂದು ಅಧ್ಯಾಯವಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕಾರವಾದ ಹೊಸ ಒಡಂಬಡಿಕೆ, ಪೇಟೆಂಟ್ ಅರ್ಜಿಯಲ್ಲಿ ತಳಿಯ ಮೂಲ ತಿಳಿಸಬೇಕೆಂದು ಕೊನೆಗೂ ಒಪ್ಪಿತು. ಇಂಥ ಅಧ್ಯಾಯಗಳು ಇನ್ನೂ ಬರಲಿವೆ. ಅವುಗಳನ್ನು ಬರೆಯುವ ದೆಹಲಿಯ ಅಧಿಕಾರಿಗಳಲ್ಲಿ ಒಂದೇ ಕೋರಿಕೆ: ಬೀಜದ ಮೂಲ ಹೇಳುವ ಕಟ್ಟಳೆಯನ್ನೂ, ವೈನಿಗೆ ಸಿಕ್ಕಷ್ಟೇ ರಕ್ಷಣೆ ನಮ್ಮ ಊರ ಬೆಳೆಗಳಿಗೂ ಸಿಗಬೇಕೆಂಬ ಹಕ್ಕನ್ನೂ ಆ ಅಧ್ಯಾಯಗಳಲ್ಲಿ ಬರೆಸಿ, ಸಹಿ ಹಾಕುವ ಮುನ್ನ ಮಟ್ಟುವಿನಂಥ ಊರುಗಳ ಬೆಳೆಗಾರರನ್ನು ಕರೆದು ಕೇಳಿ.