ಚಾಕುವಿಗೆ ಸಿಗದ ವೈರಸ್

ಯಕೃತ್ತಿಗೆ ಕತ್ತಿ ತಾಗಿಸಲು ಶಸ್ತ್ರವೈದ್ಯರು ಬಹುಕಾಲ ಹೆದರುತ್ತಿದ್ದರು. ಹೃದಯ ಪ್ರತಿ ನಿಮಿಷ ಹೊರಹಾಕುವ ರಕ್ತದಲ್ಲಿ ಸುಮಾರು ಕಾಲುಭಾಗ ಈ ಅಂಗದ ಮೂಲಕ ಹಾದುಹೋಗುತ್ತದೆ. ಒಳಗೆಲ್ಲ ರಕ್ತನಾಳ, ಪಿತ್ತನಾಳಗಳ ಹೆಣಿಗೆ. ಹೊಲಿಗೆ ಹಾಕಹೋದರೆ ದಾರವೇ ಮೆದು ಮಾಂಸವನ್ನು ಸೀಳುತ್ತದೆ. 1952ರಲ್ಲಿ ಪ್ಯಾರಿಸ್ಸಿನ ಲೋರ್ತಾ-ಜಾಕೋಬ್ ಯಕೃತ್ತಿನ ಬಲಭಾಗವನ್ನು ಕ್ರಮಬದ್ಧವಾಗಿ ತೆಗೆದ ವರದಿ ಪ್ರಕಟಿಸಿದಾಗ ಅದು ವೈದ್ಯಲೋಕಕ್ಕೆ ದೊಡ್ಡ ಸುದ್ದಿಯಾಯಿತು.

ಅದೇ ದಶಕದಲ್ಲಿ ತೈವಾನಿನ ತೈಪೆಯಲ್ಲಿ ಲಿನ್ ಟಿಯೆನ್-ಯು ಎಂಬ ಶಸ್ತ್ರವೈದ್ಯರು ಹೆಚ್ಚು ಉಪಕರಣಗಳಿಲ್ಲದೆ ಒಂದು ದಾರಿ ಕಂಡುಕೊಂಡರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಯಕೃತ್ತಿನ ಮಾಂಸವನ್ನು ಹಿಸುಕುವುದೇ ಆ ವಿಧಾನ. ಹುಣಸೆಹಣ್ಣು ಕಿವುಚಿದಾಗ ತಿರುಳು ಜಾರಿ ನಾರು ಉಳಿಯುತ್ತದಲ್ಲ, ಹಾಗೆಯೇ ಮಾಂಸ ಒಡೆದು ಗಟ್ಟಿಯಾದ ನಾಳಗಳು ಬೆರಳಿಗೆ ಸಿಗುತ್ತವೆ. ಅವನ್ನು ಒಂದೊಂದಾಗಿ ಕಟ್ಟಿ ಕತ್ತರಿಸಬೇಕು. 1958ರಲ್ಲಿ ಅವರು ಪ್ರಕಟಿಸಿದ ಈ ವಿಧಾನ ಪ್ರಪಂಚದ ಅನೇಕ ಕಡೆ ಬಳಕೆಗೆ ಬಂತು. ಗೆಡ್ಡೆಯನ್ನು ತೆಗೆಯುವುದು ಸಾಧ್ಯವಾಯಿತು. ಆದರೆ ತೆಗೆದ ಗೆಡ್ಡೆ ಮತ್ತೆ ಬರುತ್ತಿತ್ತು, ಅನೇಕ ಸಲ ಯಕೃತ್ತಿನ ಬೇರೆಯೇ ಜಾಗದಲ್ಲಿ. ಏಕೆ ಎಂಬ ಪ್ರಶ್ನೆಗೆ ಉತ್ತರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಇರಲಿಲ್ಲ.

ಉತ್ತರದ ಮೊದಲ ತುಣುಕು ಕ್ಯಾನ್ಸರನ್ನು ಹುಡುಕದೇ ಇದ್ದವರ ಕೈಗೆ ಸಿಕ್ಕಿತು. ಅಮೆರಿಕದ ಬರೂಕ್ ಬ್ಲಂಬರ್ಗ್ ಬೇರೆ ಬೇರೆ ಜನಾಂಗಗಳ ರಕ್ತದಲ್ಲಿರುವ ವಂಶವಾಹಿ ವ್ಯತ್ಯಾಸಗಳನ್ನು ಅಭ್ಯಾಸ ಮಾಡುತ್ತಿದ್ದರು. ಅನೇಕ ಸಲ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯೊಬ್ಬರ ರಕ್ತದ್ರವ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದ್ರವದೊಡನೆ ಸೇರಿ ವಿಚಿತ್ರ ಪ್ರತಿಕ್ರಿಯೆ ತೋರಿತು. 1965ರಲ್ಲಿ ಇದು ‘ಆಸ್ಟ್ರೇಲಿಯಾ ಆಂಟಿಜೆನ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನ್ ಎಂಬುದು ಆಮೇಲೆ ತಿಳಿಯಿತು. 1976ರ ನೊಬೆಲ್ ಪ್ರಶಸ್ತಿಯಲ್ಲಿ ಬ್ಲಂಬರ್ಗ್ ಅವರಿಗೆ ಪಾಲು ದೊರೆಯಿತು.

ಯಕೃತ್ತಿನ ಕ್ಯಾನ್ಸರ್ ಇದ್ದವರಲ್ಲಿ ಈ ವೈರಸ್ ಹೆಚ್ಚಾಗಿ ಕಾಣುತ್ತಿತ್ತು. ಆದರೆ ಯಾವುದು ಮೊದಲು? ವೈರಸ್ಸಿನಿಂದ ಕ್ಯಾನ್ಸರ್ ಬಂತೋ, ಕ್ಯಾನ್ಸರಿನಿಂದ ಸೊರಗಿದ ದೇಹಕ್ಕೆ ವೈರಸ್ ಸೇರಿತೋ? ಇದನ್ನು ಬಗೆಹರಿಸಲು ಪಾಮರ್ ಬೀಸ್ಲಿ ತೈಪೆಯಲ್ಲಿ ಕುಳಿತರು. 1975ರಿಂದ 1978ರ ನಡುವೆ 22,707 ಪುರುಷ ಸರ್ಕಾರಿ ನೌಕರರ ರಕ್ತ ಪರೀಕ್ಷಿಸಿ ಕಾದರು. ಸರ್ಕಾರಿ ನೌಕರರನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ಅವರಿಗೆ ವಿಮೆ ಇತ್ತು, ಸತ್ತರೆ ಕಾರಣ ದಾಖಲಾಗುತ್ತಿತ್ತು. 1981ರಲ್ಲಿ ಲೆಕ್ಕ ಹೊರಬಿತ್ತು. ಯಕೃತ್ತಿನ ಕ್ಯಾನ್ಸರಿನಿಂದ ಸತ್ತವರು 41 ಮಂದಿ. ಅವರಲ್ಲಿ 40 ಮಂದಿ ಮೊದಲೇ ವೈರಸ್ ಹೊತ್ತಿದ್ದ 3,454 ಜನರ ಗುಂಪಿನವರು. ಉಳಿದ 19,253 ಜನರ ಗುಂಪಿನಿಂದ ಒಬ್ಬರೇ.

ಈಗ ಮರಳಿ ಬರುವ ಗೆಡ್ಡೆಯ ಗುಟ್ಟೂ ಬಿಡಿಸಿಕೊಂಡಿತು. ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ವರ್ಷಗಳಲ್ಲಿ ಮರಳುವ ಕ್ಯಾನ್ಸರ್ ಬಹುಮಟ್ಟಿಗೆ ಹಳೆಯ ಗೆಡ್ಡೆ ಚೆಲ್ಲಿಹೋದ ಬೀಜ. ಅದಕ್ಕೂ ತಡವಾಗಿ ಬರುವುದು ಹೆಚ್ಚಾಗಿ ಹೊಸ ಬೆಳೆ. ವೈರಸ್ಸಿನ ಡಿಎನ್ಎ ಉಳಿದ ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ಬೀಡುಬಿಟ್ಟಿರುತ್ತದೆ. ಕಳೆ ಕಿತ್ತರೂ ನೆಲ ಅದೇ.

ಹಾಗಾದರೆ ನೆಲವನ್ನು ಶುದ್ಧ ಮಾಡುವುದು ಹೇಗೆ? ಇಲ್ಲಿ ನಮ್ಮ ಕಡೆಯ ಒಂದು ಎಳೆಯೂ ಸೇರಿಕೊಳ್ಳುತ್ತದೆ. 1986ರಲ್ಲಿ ಬ್ಲಂಬರ್ಗ್ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿನಲ್ಲಿದ್ದರು. ಮದ್ರಾಸಿನ ಸಂಶೋಧಕರೊಂದಿಗೆ ಅವರು ಕಾಮಾಲೆಗೆ ನಮ್ಮ ಹಳ್ಳಿಗಳಲ್ಲಿ ಕೊಡುವ ನೆಲನೆಲ್ಲಿಯನ್ನು ಪರೀಕ್ಷಿಸಿದರು. 1988ರ ವರದಿ ಆಸೆ ಹುಟ್ಟಿಸಿತು. ಆದರೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ಕೆಲಸಕ್ಕೆ ಬಂದದ್ದು ಮೊದಲು ಎಚ್ಐವಿಗೆ ಬಳಸಿದ ಲ್ಯಾಮಿವುಡಿನ್. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಹೆಪಟೈಟಿಸ್ ಬಿಗೂ ಒಪ್ಪಿಗೆ ದೊರೆಯಿತು. ಅದರ ಹಿಂದೆ ಎಂಟೆಕಾವಿರ್ ಬಂತು. ಇವು ವೈರಸ್ಸನ್ನು ಪೂರ್ತಿ ಓಡಿಸುವುದಿಲ್ಲ, ತಲೆಯೆತ್ತದಂತೆ ಅದುಮಿಡುತ್ತವೆ.

ಶಸ್ತ್ರಚಿಕಿತ್ಸೆಯಾದವರಿಗೆ ಅಷ್ಟೇ ಸಾಕೇ? ಉತ್ತರ ಮತ್ತೆ ತೈವಾನಿನಿಂದಲೇ ಬಂತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆಪಟೈಟಿಸ್ ಬಿ ಇದ್ದು ಯಕೃತ್ತಿನ ಕ್ಯಾನ್ಸರ್ ಭಾಗವನ್ನು ತೆಗೆಸಿಕೊಂಡ 4,569 ಜನರ ವಿಮಾ ದಾಖಲೆಗಳನ್ನು ನೋಡಿತು. ಆರು ವರ್ಷಗಳ ಲೆಕ್ಕದಲ್ಲಿ, ವೈರಸ್ ನಿರೋಧಕ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 45.6 ಜನರಿಗೆ ಕ್ಯಾನ್ಸರ್ ಮರಳಿತ್ತು, ತೆಗೆದುಕೊಳ್ಳದವರಲ್ಲಿ ಶೇ. 54.6. ಸಾವಿನ ಪ್ರಮಾಣ ಶೇ. 29 ಮತ್ತು ಶೇ. 42.4. ಇದು ದಾಖಲೆಗಳ ಅಧ್ಯಯನ, ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ. ಆದರೆ ಚೀನಾದಲ್ಲಿ ನಡೆದ ಅಂಥ ಪ್ರಯೋಗಗಳೂ ಇದೇ ದಿಕ್ಕನ್ನು ತೋರಿದವು. ಅಂತರ ಪವಾಡದ್ದಲ್ಲ; ಮಾತ್ರೆ ನುಂಗಿದವರಲ್ಲೂ ಅರ್ಧಕ್ಕೆ ಹತ್ತಿರ ಜನರಿಗೆ ರೋಗ ಮರಳಿತು. ಆದರೆ ನೂರರಲ್ಲಿ ಹದಿಮೂರು ಜೀವಗಳ ವ್ಯತ್ಯಾಸ ಸಣ್ಣದಲ್ಲ, ಅದೂ ದಿನಕ್ಕೊಂದು ಮಾತ್ರೆಯಿಂದ.

ಬೀಸ್ಲಿ ಮತ್ತು ಸಂಗಡಿಗರು 1970ರ ದಶಕದಲ್ಲೇ ಇನ್ನೊಂದನ್ನು ತೋರಿಸಿದ್ದರು: ತೈವಾನಿನಲ್ಲಿ ಸೋಂಕು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಅದನ್ನು ನಂಬಿ 1984ರ ಜುಲೈನಲ್ಲಿ ತೈವಾನ್ ಸೋಂಕಿತ ತಾಯಂದಿರ ನವಜಾತ ಶಿಶುಗಳಿಗೆ ಲಸಿಕೆ ಆರಂಭಿಸಿತು, 1986ರಲ್ಲಿ ಎಲ್ಲ ಶಿಶುಗಳಿಗೂ ವಿಸ್ತರಿಸಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ ಹತ್ತು ವರ್ಷಗಳೊಳಗೆ 0.36ಕ್ಕೆ ಇಳಿಯಿತು. ಲಸಿಕೆಯೊಂದು ಮನುಷ್ಯರಲ್ಲಿ ಕ್ಯಾನ್ಸರನ್ನು ತಡೆದ ಮೊದಲ ಸ್ಪಷ್ಟ ಪುರಾವೆ ಇದು.

ಭಾರತದಲ್ಲಿ ಈ ಲಸಿಕೆ 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ದೇಶದಾದ್ಯಂತ ತಲುಪಿದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ನಮ್ಮಲ್ಲಿ ಹೆಚ್ಚಿನವರಿಗೆ ಶೈಶವದ ಆ ರಕ್ಷೆ ಸಿಗಲಿಲ್ಲ. ಕಾಮಾಲೆಯೂ ಇಲ್ಲದೆ, ನೋವೂ ಇಲ್ಲದೆ ದಶಕಗಟ್ಟಲೆ ಒಳಗಿರಬಲ್ಲ ಈ ವೈರಸ್ ಇದೆಯೋ ಇಲ್ಲವೋ ಎಂದು ಹೇಳುವುದು ಒಂದು ರಕ್ತಪರೀಕ್ಷೆ ಮಾತ್ರ. ಅದು ಇಂದಿಗೂ ಹುಡುಕುವುದು ಬ್ಲಂಬರ್ಗ್ ಕಂಡ ಅದೇ ಆಂಟಿಜೆನ್ನನ್ನು. ತೈಪೆಯಲ್ಲಿ 1984ರಲ್ಲಿ ಲಸಿಕೆ ಪಡೆದ ಶಿಶುಗಳಿಗೆ ಈಗ ನಲವತ್ತು ದಾಟಿದೆ. ಅವರ ಅಪ್ಪಂದಿರ ತಲೆಮಾರು ಲಿನ್ ಅವರ ಬೆರಳುಗಳನ್ನು ನೆಚ್ಚಿಕೊಂಡಿತ್ತು. ಇವರಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವೇ ಬೀಳಲಾರದು.