ಹಾರ್ಮೋನಿಯಂ ಯಾವಾಗ ನಮ್ಮದಾಯಿತು?

ತತ್ವಪದಕ್ಕೆ ಗಿಟಾರು, ಡ್ರಮ್ಮು ಸೇರಿಸಿದ ಹೊಸ ಹಾಡೊಂದು ಬಂದರೆ ಸಾಕು, ‘ಮೂಲ ಸೊಗಡು ಹೋಯಿತು’ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಕೊಪ್ಪಳ ಸೀಮೆಯಲ್ಲಿ ಈ ಮಾತಿಗೆ ತೂಕ ಇನ್ನೂ ಹೆಚ್ಚು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣವನ್ನೂ ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಅಚ್ಚಗನ್ನಡದ ನೆಲದವರಿಗೆ ಹಾಡೂ ಅಚ್ಚವಾಗಿರಬೇಕು ಅನ್ನಿಸುವುದು ಸಹಜವೇ.

ಆದರೆ ಇಲ್ಲಿನ ಇತಿಹಾಸ ಬೆರಕೆಯದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1948ರವರೆಗೆ ಹೈದರಾಬಾದ್ ಸಂಸ್ಥಾನದೊಳಗಿದ್ದವು. ಕಚೇರಿಯ ಉರ್ದು ಮನೆಮಾತಿಗೂ ಇಳಿಯಿತು. ಭಜನೆಯ ಮೇಳವನ್ನೇ ನೋಡಿ: ನಡುವೆ ಕೂತಿರುವ ಪೇಟಿ, ಅಂದರೆ ಹಾರ್ಮೋನಿಯಂ, ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಕೂಸು. ಕಾಲಲ್ಲಿ ತುಳಿಯಬೇಕಿದ್ದ ವಾದ್ಯ ಕಲ್ಕತ್ತೆಯಲ್ಲಿ ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾಯಿತು. ನಾಟಕ ಕಂಪನಿಗಳ ಜೊತೆ ಊರೂರು ತಿರುಗಿತು. ಪರದೇಶಿ ವಾದ್ಯ, ನಮ್ಮ ಸ್ವರಗಳ ಜಾರು ಅದಕ್ಕೆ ಬಾರದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿರ್ಬಂಧ ಸಡಿಲವಾದದ್ದು 1970ರ ದಶಕದಲ್ಲಿ. ಅಷ್ಟರಲ್ಲಿ ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬೆರಳುಗಳು ಅದೇ ಪೇಟಿಯ ಮೇಲೆ ಓಡಾಡುತ್ತಿದ್ದವು. ಇಂದು ಭಜನೆಯ ಕಟ್ಟೆಯಲ್ಲಿ ಪೇಟಿಯನ್ನು ವಿದೇಶಿ ಎನ್ನುವವರು ಯಾರೂ ಇಲ್ಲ.

ಅಮೆರಿಕದ ಹಳ್ಳಿಗಾಡಿನ ಸಂಗೀತವಾದ ಕಂಟ್ರಿಯಲ್ಲಿ ಕತೆ ತಿರುಗುಮುರುಗು. ಅಲ್ಲಿ ಬಿಳಿಯರ ಗುರುತಾಗಿಹೋದ ಬ್ಯಾಂಜೊ ಮೂಲತಃ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಕೈಯಲ್ಲಿ ಹುಟ್ಟಿದ್ದು. ವಾದ್ಯ ಉಳಿಯಿತು, ನುಡಿಸಿದವರ ಹೆಸರು ಅಳಿಯಿತು. 2024ರಲ್ಲಿ ಬಿಯಾನ್ಸೆ ‘ಕೌಬಾಯ್ ಕಾರ್ಟರ್’ ಹೊರತಂದಾಗ, ಕಪ್ಪು ಗಾಯಕಿಗೆ ಕಂಟ್ರಿಯಲ್ಲಿ ಏನು ಕೆಲಸ ಎಂದವರಿದ್ದರು. ಅದರ ‘ಟೆಕ್ಸಾಸ್ ಹೋಲ್ಡ್ ಎಮ್’ ಹಾಡಿನಲ್ಲಿ ಬ್ಯಾಂಜೊ ನುಡಿಸಿದವರು ರಿಯಾನನ್ ಗಿಡನ್ಸ್, ಆ ಮರೆತ ಚರಿತ್ರೆಯನ್ನು ವರ್ಷಗಟ್ಟಲೆ ಹೇಳುತ್ತ ಬಂದ ಕಲಾವಿದೆ. ನನಗೆ ಆ ಹಾಡು ಮೆಚ್ಚುಗೆಯಾದದ್ದು ಅರ್ಧ ರಾಗಕ್ಕೆ, ಅರ್ಧ ಈ ಹೆಸರಿಗೆ.

ಕನ್ನಡದಲ್ಲಿ ಇಂಥ ಬೆರಕೆಯ ದೊಡ್ಡ ಹೆಸರು ರಘು ದೀಕ್ಷಿತ್. 2008ರ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಎರಡು ಪದಗಳಿವೆ. ‘ಗುಡುಗುಡಿಯ ಸೇದಿ ನೋಡೋ’ ರಾಕ್ ಆಗಿ ಚೆನ್ನಾಗಿ ಒಗ್ಗಿದೆ. ಅದು ಮೊದಲೇ ಛೇಡಿಸಿ ಕರೆಯುವ ಪದ, ಗುಂಪು ದನಿಗೂಡಿಸಿದಷ್ಟೂ ಕಳೆಗಟ್ಟುತ್ತದೆ. ‘ಸೋರುತಿಹುದು ಮನೆಯ ಮಾಳಿಗಿ’ ಇಂಪಾಗಿದೆ ನಿಜ, ಆದರೆ ಸೋರುವ ಮನೆಯೊಳಗೆ ಕೂತವನ ದಿಗಿಲು ನನಗೆ ಅಲ್ಲಿ ಸಿಗುವುದಿಲ್ಲ. ಅದಕ್ಕೆ ನಾನು ಸಿ. ಅಶ್ವತ್ಥರ ಬಳಿಗೇ ಹೋಗುತ್ತೇನೆ. ಕೊರತೆ ಗಿಟಾರಿನದಲ್ಲ, ಮಾತಿಗೆ ಕೊಟ್ಟ ಬಿಡುವಿನದು. ಭಜನೆಯಲ್ಲಿ ಮುಮ್ಮೇಳದ ಸೊಲ್ಲನ್ನು ಹಿಮ್ಮೇಳ ತಿರುಗಿ ಹಾಡುವಾಗ ಕೇಳುವವರಿಗೆ ಅರ್ಥ ಇಳಿಯಲು ಸಮಯ ಸಿಗುತ್ತದೆ.

ಹಾಗಾಗಿ ವಾದ್ಯ ಎಲ್ಲಿಂದ ಬಂತು ಎಂಬ ಜಗಳವನ್ನು ಬಿಡೋಣ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಶರೀಫರ ಹೆಸರು ಉಳಿದದ್ದಕ್ಕೆ ಒಂದು ಕಾರಣ, ಅವರು ಪದದೊಳಗೇ ಅಂಕಿತವಿಟ್ಟದ್ದು. ಹಾಡುವವರು ಬದಲಾದರೂ ಕವಿ ಕಳೆದುಹೋಗಲಿಲ್ಲ. ಆದರೆ ಆ ಪದಗಳನ್ನು ತಲೆಮಾರುಗಳಿಂದ ದಾಟಿಯಲ್ಲಿ ಕಾಪಾಡಿದವರಿಗೆ ಅಂಕಿತವಿಲ್ಲ. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಹಾಡುವವರ ಧಾಟಿ ನಾಳೆ ಯಾವುದೋ ಸ್ಟುಡಿಯೊ ಸೇರಬಹುದು. ‘ಜನಪದ’ ಅಥವಾ ‘ಸಾಂಪ್ರದಾಯಿಕ’ ಎಂಬ ಒಂದೇ ಪದದಲ್ಲಿ ಅವರೆಲ್ಲ ಮರೆಯಾಗಬಹುದು. ಬ್ಯಾಂಜೊ ನುಡಿಸಿದವರಿಗೆ ಆದದ್ದು ಅದೇ.

ಹೊಸ ಹಾಡು ಬಂದಾಗ ನಾನು ಈಗ ಎರಡು ಸಂಗತಿ ನೋಡುತ್ತೇನೆ: ಮಾತು ಕಿವಿಗೆ ಬೀಳುತ್ತದೆಯೇ, ಧಾಟಿ ಯಾರಿಂದ ಕಲಿತದ್ದೆಂದು ಬರೆದಿದೆಯೇ. ಎರಡೂ ಇದ್ದರೆ ಗಿಟಾರು ಎಷ್ಟು ಬೇಕಾದರೂ ಮೊಳಗಲಿ. ಪೇಟಿಯಂತೆ ಅದೂ ನಮ್ಮದಾಗುತ್ತದೆ.